ಅದಿರಿನ ಏರುಗಾಲದಲ್ಲಿ ಇಪ್ಪತ್ತು ಟಿಪ್ಪರ್: ಕೊಳ್ಳುವುದೇ, ಬೇಡವೇ?

ಪ್ರಶ್ನೆ: ನಾನು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನವನು. ನಮ್ಮ ಕುಟುಂಬ ಕಬ್ಬಿಣದ ಅದಿರು ಸಾಗಣೆಯ ವ್ಯವಹಾರದಲ್ಲಿದೆ. ಈಗ 14 ಟಿಪ್ಪರ್‌ಗಳೂ ಒಂದು ರಿಪೇರಿ ವರ್ಕ್‌ಶಾಪೂ ಇದ್ದು, ಸುಮಾರು 60 ಮಂದಿ ಕೆಲಸ ಮಾಡುತ್ತಾರೆ. 14ರಲ್ಲಿ 9 ಗಾಡಿಗಳ ಸಾಲ ತೀರಿದೆ. ದೊಡ್ಡ ಗಣಿ ಕಂಪನಿಯೊಂದು ಮೂರು ವರ್ಷದ ಸಾಗಣೆ ಗುತ್ತಿಗೆ ಕೊಡಲು ಮುಂದೆ ಬಂದಿದೆ. ಅದಕ್ಕೆ ಇನ್ನೂ 20 ಟಿಪ್ಪರ್ ಬೇಕು. ಒಂದೊಂದಕ್ಕೆ 55 ಲಕ್ಷದಂತೆ ಕೊಟೇಶನ್ ಬಂದಿದೆ, ಅದರಲ್ಲಿ 50 ಲಕ್ಷವನ್ನು ನಾಲ್ಕು ವರ್ಷದ ಸಾಲವಾಗಿ ಕೊಡಲು ಫೈನಾನ್ಸ್‌ನವರು ಸಿದ್ಧರಿದ್ದಾರೆ. ಈಗಲೇ ಸಹಿ ಹಾಕೋಣ ಎಂದು ತಮ್ಮ ಹೇಳುತ್ತಾನೆ. 2011ರಲ್ಲಿ ಗಣಿಗಾರಿಕೆ ನಿಂತ ನಂತರ ನಮ್ಮ ಹನ್ನೊಂದು ಲಾರಿಗಳಲ್ಲಿ ಏಳನ್ನು ಸಾಲ ಕೊಟ್ಟವರು ಎಳೆದುಕೊಂಡು ಹೋದದ್ದನ್ನು ಕಂಡ ತಂದೆಯವರು ಒಪ್ಪುತ್ತಿಲ್ಲ. ಇದರ ನಡುವೆ ಪಳಗಿದ ಚಾಲಕರೂ ಮೆಕ್ಯಾನಿಕ್‌ಗಳೂ ದೊಡ್ಡ ಕಾರ್ಖಾನೆಗಳಿಗೆ ಹೋಗುತ್ತಿದ್ದಾರೆ. ಊರಿನವರು ಧೂಳಿನ ಬಗ್ಗೆ, ಕೆಲಸದ ಬಗ್ಗೆ ಕೇಳುತ್ತಿದ್ದಾರೆ. ಇಂತಹ ಕಾಲದಲ್ಲಿ ಸಂಸ್ಥೆಯನ್ನು ಹೇಗೆ ನಡೆಸಬೇಕು? ಗುತ್ತಿಗೆಯ ಕರಡನ್ನೂ ಕಳುಹಿಸಿದ್ದೇನೆ.

ಉತ್ತರ: ನೇರವಾಗಿ ಹೇಳುವುದಾದರೆ, ನೀವು ಕಳುಹಿಸಿರುವ ಕರಡಿನ ಷರತ್ತುಗಳ ಮೇಲೆ 20 ಟಿಪ್ಪರ್ ಕೊಳ್ಳಬೇಡಿ. ಷರತ್ತುಗಳು ನಾನು ಮುಂದೆ ಹೇಳುವಂತೆ ಬದಲಾದರೆ ಎಂಟನ್ನು ಕೊಳ್ಳಬಹುದು. ಉಳಿದ ಹನ್ನೆರಡು ಗಾಡಿಗಳ ಕೆಲಸವನ್ನು ಅಟ್ಯಾಚ್ ಗಾಡಿಗಳಿಂದ, ಅಂದರೆ ಬೇರೆ ಮಾಲೀಕರಿಂದ ಬಾಡಿಗೆಗೆ ಸೇರಿಸಿಕೊಂಡ ಗಾಡಿಗಳಿಂದ, ಮಾಡಿಸಬಹುದು. ಈ ಅಂಕಿಗೆ ಹೇಗೆ ಬಂದೆ ಎಂಬುದನ್ನು ವಿವರಿಸುವುದು ಮುಖ್ಯ, ಏಕೆಂದರೆ ನಾಳೆ ಬೇರೊಂದು ಗುತ್ತಿಗೆ ಎದುರಾದಾಗ ಅದೇ ಲೆಕ್ಕವನ್ನು ನೀವೇ ಹಾಕಬೇಕಾಗುತ್ತದೆ.

ನಿಮ್ಮ ತಂದೆಯವರ ಭಯಕ್ಕೂ ತಮ್ಮನ ಆತುರಕ್ಕೂ ಆಧಾರಗಳಿವೆ, ಆದರೆ ಅವು ಬೇರೆ ಬೇರೆ ಕಾಲದ ಆಧಾರಗಳು. ತಂದೆಯವರು ಕಂಡ ಏರುಗಾಲ ಚೀನಾದ ಬೇಡಿಕೆಯ ಮೇಲೆ ನಿಂತಿತ್ತು. 2003ರಲ್ಲಿ ರಾಜ್ಯ ಸರ್ಕಾರ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಸರ್ಕಾರಿ ಗಣಿಗಾರಿಕೆಯ ಮೀಸಲಿನಿಂದ ಬಿಡಿಸಿ ಖಾಸಗಿಯವರಿಗೆ ತೆರೆಯಿತು. ಅಲ್ಲಿಯವರೆಗೆ ಯಾರೂ ಕೇಳದಿದ್ದ ಪುಡಿ ಅದಿರಿಗೂ ಬಂದರುಗಳಲ್ಲಿ ಕೊಳ್ಳುವವರು ಸಿಕ್ಕರು. 2009ರ ಆಗಸ್ಟ್‌ವರೆಗೆ ಉತ್ಕೃಷ್ಟ ದರ್ಜೆಯ ಗಟ್ಟಿ ಅದಿರಿಗೂ ಸರ್ಕಾರಕ್ಕೆ ಕೊಡಬೇಕಾಗಿದ್ದ ರಾಜಧನ ಟನ್ನಿಗೆ 27 ರೂಪಾಯಿ ಮಾತ್ರ. ಬೆಲೆ ಸಾವಿರಗಳಲ್ಲಿ, ರಾಜಧನ ಹತ್ತಿಪ್ಪತ್ತು ರೂಪಾಯಿಗಳಲ್ಲಿ ಇದ್ದ ಆ ವರ್ಷಗಳಲ್ಲಿ ಲಾರಿ ಇಟ್ಟವರೂ, ಅದಿರು ರಾಶಿ ಹಾಕುವ ಪ್ಲಾಟಿಗೆ ಜಮೀನು ಕೊಟ್ಟವರೂ, ಕ್ರಷರ್ ಹಾಕಿದವರೂ ತಮ್ಮ ಜಾಣ್ಮೆಯಿಂದಲೇ ಹಣ ಬರುತ್ತಿದೆ ಎಂದು ನಂಬಿದ್ದರೆ ಆಶ್ಚರ್ಯವಿಲ್ಲ.

ತಮ್ಮ ಕಾಣುತ್ತಿರುವ ಏರುಗಾಲ ಬೇರೆಯದು. ಇದರ ಬೇಡಿಕೆ ಮನೆಯಂಗಳದ್ದೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ 2024ರಲ್ಲಿ ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಹೊಸ ಘಟಕ ಸೇರಿದೆ. ಸುಪ್ರೀಂ ಕೋರ್ಟ್ 2013ರಲ್ಲಿ ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೆ ಹಾಕಿದ್ದ ವಾರ್ಷಿಕ 3 ಕೋಟಿ ಟನ್ನಿನ ಉತ್ಪಾದನಾ ಮಿತಿ 2017ರಲ್ಲಿ 3.5 ಕೋಟಿ ಟನ್ನಿಗೂ, 2022ರಲ್ಲಿ 5 ಕೋಟಿ ಟನ್ನಿಗೂ ಏರಿತು. ಅಂದರೆ ಸಾಗಿಸುವ ಸರಕು ನಿಜವಾಗಿಯೂ ಹೆಚ್ಚಾಗಿದೆ, ಅದು ಯಾವುದೋ ಬಂದರಿನ ಊಹಾಪೋಹವಲ್ಲ. ಈ ದೃಷ್ಟಿಯಿಂದ ಈಗಿನ ಕಾಲ ಹಿಂದಿನದಕ್ಕಿಂತ ಸ್ಥಿರವಾದದ್ದು ಎಂಬ ತಮ್ಮನ ಮಾತನ್ನು ನಾನು ಒಪ್ಪುತ್ತೇನೆ.

ಆದರೆ ಸ್ಥಿರವಾದ ಬೇಡಿಕೆ ಎಂದ ಮಾತ್ರಕ್ಕೆ ಅದು ನಿಮ್ಮ ಹಿಡಿತದ ಬೇಡಿಕೆ ಆಗುವುದಿಲ್ಲ. ಅದಿರನ್ನು ನಂಬಿದ ಪ್ರದೇಶದಲ್ಲಿ ಸಣ್ಣ ಸಂಸ್ಥೆಯ ದುಡಿಮೆಯನ್ನು ನಿಲ್ಲಿಸಬಲ್ಲ ಮೂರು ಶಕ್ತಿಗಳಿವೆ: ಜಾಗತಿಕ ಬೆಲೆ, ಸರ್ಕಾರ ಮತ್ತು ನ್ಯಾಯಾಲಯಗಳ ಆದೇಶ, ಹಾಗೂ ನಿಮಗೆ ಕೆಲಸ ಕೊಡುವ ಒಂದೇ ದೊಡ್ಡ ಕಂಪನಿಯ ತೀರ್ಮಾನ. ಮೂರೂ ನಿಮ್ಮ ಕೈಯಲ್ಲಿಲ್ಲ.

ಬೆಲೆಯ ವಿಷಯ ನಿಮಗೆ ಗೊತ್ತೇ ಇದೆ. ಶೇ. 62 ಕಬ್ಬಿಣಾಂಶದ ಅದಿರು 2011ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಟನ್ನಿಗೆ 190 ಡಾಲರ್ ಮುಟ್ಟಿತ್ತು, 2015ರ ಡಿಸೆಂಬರ್‌ನಲ್ಲಿ 40 ಡಾಲರ್‌ಗಿಂತ ಕೆಳಗಿಳಿಯಿತು, 2021ರ ಮೇ ತಿಂಗಳಲ್ಲಿ 230 ಡಾಲರ್ ದಾಟಿತು. ಬೆಲೆ ಕುಸಿದಾಗ ಸಾಗಣೆ ಏಕಾಏಕಿ ನಿಲ್ಲುವುದಿಲ್ಲ, ದರ ಕಡಿಮೆ ಮಾಡಿ ಎಂಬ ಫೋನು ಬರುತ್ತದೆ. ಅದನ್ನು ತಡೆದುಕೊಳ್ಳಬಹುದು.

ಆದೇಶದ ಸ್ವಭಾವ ಬೇರೆ. ಲೋಕಾಯುಕ್ತರಾಗಿದ್ದ ನ್ಯಾ. ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆ ಕುರಿತ ಅಂತಿಮ ವರದಿ ಸಲ್ಲಿಸಿದರು. ಎರಡೇ ದಿನಗಳಲ್ಲಿ, 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್ 26ರಂದು ಅದೇ ಆದೇಶ ಚಿತ್ರದುರ್ಗ ಮತ್ತು ತುಮಕೂರಿಗೂ ವಿಸ್ತರಿಸಿತು. ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯುವ ಅವಕಾಶ ಸಿಕ್ಕಿತು. ಈ ಕತೆಯಲ್ಲಿ ಎಲ್ಲರೂ ಗಣಿ ಧಣಿಗಳನ್ನೂ ರಾಜಕಾರಣಿಗಳನ್ನೂ ನೆನಪಿಡುತ್ತಾರೆ. ವ್ಯವಹಾರಸ್ಥರು ನೆನಪಿಡಬೇಕಾದ ದಿನಾಂಕ ಬೇರೆ: 2012ರ ಸೆಪ್ಟೆಂಬರ್ 3. ನಿಯಮ ಉಲ್ಲಂಘನೆ ಇಲ್ಲದ ಅಥವಾ ಅತ್ಯಲ್ಪವಾಗಿದ್ದ ‘ಎ’ ವರ್ಗದ ಗಣಿಗಳಲ್ಲಿ 18ಕ್ಕೆ ಕೆಲಸ ಆರಂಭಿಸಲು ಕೋರ್ಟ್ ಅನುಮತಿ ಕೊಟ್ಟದ್ದು ಅಂದು. ಅಂದರೆ ಬಳ್ಳಾರಿಯಲ್ಲಿ ಹೆಚ್ಚೇನೂ ತಪ್ಪು ಮಾಡದವರೂ ಕನಿಷ್ಠ 13 ತಿಂಗಳು ಸುಮ್ಮನೆ ಕುಳಿತರು. ಕಾಗದಪತ್ರ ಸರಿಯಾಗಿದ್ದರೆ ಸಾಕು, ನಮಗೇನೂ ಆಗದು ಎಂದು ಇಂದು ಯಾರಾದರೂ ಹೇಳಿದರೆ ಅವರಿಗೆ ಈ 13 ತಿಂಗಳನ್ನು ನೆನಪಿಸಬೇಕು. ಸರಿಯಾದ ಕಾಗದಪತ್ರ ನಿಮ್ಮನ್ನು ಮೊದಲ ಸರದಿಯಲ್ಲಿ ನಿಲ್ಲಿಸುತ್ತದೆ, ಅಷ್ಟೇ. ಸರದಿ ಎಷ್ಟು ದಿನಕ್ಕೆ ಸರಿಯುತ್ತದೆ ಎಂಬುದು ಬೇರೆಯವರ ಕೈಯಲ್ಲಿರುತ್ತದೆ.

ಆ ಕಾಲ ಮುಗಿಯಿತು ಎನ್ನುವವರಿಗೆ ಇನ್ನೊಂದು ಉದಾಹರಣೆ. ಕರ್ನಾಟಕದ ಅದಿರಿನ ರಫ್ತಿಗಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2022ರ ಮೇ 20ರಂದು ತೆಗೆದುಹಾಕಿತು. ಮರುದಿನವೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಆ ಏರಿಕೆ ನವೆಂಬರ್‌ನಲ್ಲಿ ಹಿಂದೆ ಸರಿಯಿತು. ಆ ಒಂದು ರಾತ್ರಿ ಬಂದರಿನವರೆಗಿನ ಸಾಗಣೆ ನಂಬಿ ಗಾಡಿ ಬುಕ್ ಮಾಡಿದವರ ಪಾಡನ್ನು ಊಹಿಸಿಕೊಳ್ಳಿ.

ಮೂರನೆಯ ಶಕ್ತಿ, ಒಂದೇ ಗಿರಾಕಿ. ಇದಕ್ಕೆ ನಮ್ಮ ರಾಜ್ಯದ್ದೇ ದೊಡ್ಡ ಪಾಠ ಕುದುರೆಮುಖ. ಇರಾನಿಗೆ ಅದಿರು ಕೊಡುವ ಒಪ್ಪಂದದ ಮೇಲೆ, ಇರಾನಿನದೇ ಸಾಲದ ಭರವಸೆಯಲ್ಲಿ, 1976ರಲ್ಲಿ ಆ ಕಂಪನಿ ಸ್ಥಾಪನೆಯಾಯಿತು. ಗಣಿ, ಕೊಳವೆ ಮಾರ್ಗ, ಬಂದರಿನ ವ್ಯವಸ್ಥೆ ಎಲ್ಲವೂ ಆ ಒಬ್ಬ ಗಿರಾಕಿಯನ್ನು ಲೆಕ್ಕಕ್ಕಿಟ್ಟುಕೊಂಡೇ ರೂಪುಗೊಂಡವು. 1979ರ ಕ್ರಾಂತಿಯ ಹೊತ್ತಿಗೆ ಸಾಲವೂ ನಿಂತಿತು, ಗಿರಾಕಿಯೂ ಇಲ್ಲವಾಯಿತು. ಭಾರತ ಸರ್ಕಾರ ಬೆನ್ನಿಗಿದ್ದುದರಿಂದ ಆ ಸಂಸ್ಥೆ ಬದುಕಿ, ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಮಾಡುವ ಪೆಲೆಟ್ ಘಟಕ ಕಟ್ಟಿ, ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ಕೊನೆಗೆ 2005ರ ಡಿಸೆಂಬರ್ 31ರಂದು ಅದರ ಗಣಿ ನಿಂತದ್ದು ಪರಿಸರದ ಕಾರಣಕ್ಕೆ, ಕೋರ್ಟಿನ ಆದೇಶದಿಂದ. ನಿಮ್ಮ ಬೆನ್ನಿಗೆ ಸರ್ಕಾರ ಇಲ್ಲ.

ಈಗ ನಿಮ್ಮ ಕರಡಿಗೆ ಬರುತ್ತೇನೆ. ಅದರಲ್ಲಿ ನನ್ನನ್ನು ಬೆಚ್ಚಿಸಿದ್ದು ಟನ್ನಿನ ದರವಲ್ಲ. ದರ ಚೆನ್ನಾಗಿಯೇ ಇದೆ. ಗುತ್ತಿಗೆಯ ಅವಧಿ 36 ತಿಂಗಳು, ನೀವು ಎತ್ತುವ ಸಾಲದ ಅವಧಿ 48 ತಿಂಗಳು, ಮತ್ತು ಕಾರಣ ಕೊಡದೆ ಗುತ್ತಿಗೆ ಮುಗಿಸಲು ಕಂಪನಿಗೆ ಬೇಕಾದ ನೋಟಿಸು 30 ದಿನ. ಕಾಗದದ ಮೇಲೆ ಇದು ಮೂರು ವರ್ಷದ ಗುತ್ತಿಗೆ. ಕಾನೂನಿನ ಕಣ್ಣಿನಲ್ಲಿ ಇದು ಮೂವತ್ತು ದಿನದ ಗುತ್ತಿಗೆ. ಮೂವತ್ತು ದಿನದ ಭರವಸೆಯ ಮೇಲೆ ನಾಲ್ಕು ವರ್ಷದ ಸಾಲ ಎತ್ತುವುದನ್ನು ಧೈರ್ಯ ಎನ್ನಲಾಗದು.

ಲೆಕ್ಕ ಹೀಗಿದೆ. 50 ಲಕ್ಷ ಸಾಲಕ್ಕೆ ಶೇ. 10ರ ಬಡ್ಡಿಯಂತೆ 48 ತಿಂಗಳ ಕಂತು ತಿಂಗಳಿಗೆ ಸುಮಾರು 1.27 ಲಕ್ಷ ರೂಪಾಯಿ. ಇಪ್ಪತ್ತು ಗಾಡಿಗಳಿಗೆ 25.4 ಲಕ್ಷ. ಗಾಡಿಗಳು 13 ತಿಂಗಳು ನಿಂತರೆ ಕಂತೇ 3.3 ಕೋಟಿಯಾಗುತ್ತದೆ, ಚಾಲಕರ ಸಂಬಳ, ವಿಮೆ, ತೆರಿಗೆ ಬೇರೆ. ಎಂಟು ಗಾಡಿಗಳಾದರೆ ತಿಂಗಳ ಕಂತು ಸುಮಾರು 10.2 ಲಕ್ಷ, 13 ತಿಂಗಳಿಗೆ 1.32 ಕೋಟಿ. ಸಾಲ ತೀರಿದ ಒಂಬತ್ತು ಹಳೆಯ ಗಾಡಿಗಳ ಮಾರಾಟ ಮೌಲ್ಯ, ವರ್ಕ್‌ಶಾಪಿನ ಹೊರಗಿನ ಆದಾಯ, ಬ್ಯಾಂಕಿನಲ್ಲಿರುವ ನಗದು ಇಷ್ಟನ್ನು ಸೇರಿಸಿದರೆ ನೀವು ಹೊರಬಲ್ಲ ಭಾರ ಇದು ಎಂದು ನಿಮ್ಮ ಲೆಕ್ಕಪತ್ರಗಳು ಹೇಳುತ್ತವೆ. ಎಂಟು ಎಂಬ ಅಂಕಿ ಬಂದದ್ದು ಹೀಗೆ. ಸಾಲದ ಗಾತ್ರವನ್ನು ಒಳ್ಳೆಯ ವರ್ಷದ ಆದಾಯದಿಂದ ಅಳೆಯದೆ, ಗಾಡಿ ನಿಂತ ವರ್ಷದ ತಾಳಿಕೆಯಿಂದ ಅಳೆಯಬೇಕು. ಅದಿರಿನ ಊರಿನಲ್ಲಿ ಮುಂದಾಳುವಿನ ಮೊದಲ ಕೆಲಸ ಇದೇ. ಉಳಿದ ಗುಣಗಳೆಲ್ಲ ಆಮೇಲೆ.

ಕಂಪನಿಯೊಡನೆ ಕುಳಿತಾಗ ದರದ ಮೇಲೆ ಜಗ್ಗಾಡುವುದಕ್ಕಿಂತ ಷರತ್ತುಗಳ ಮೇಲೆ ಜಗ್ಗಾಡಿ. ಬೇಕಾದರೆ ಟನ್ನಿಗೆ ಒಂದೆರಡು ರೂಪಾಯಿ ಬಿಟ್ಟುಕೊಡಿ. ತಿಂಗಳಿಗೆ ಕನಿಷ್ಠ ಇಷ್ಟು ಟನ್ ಕೊಡುತ್ತೇವೆ, ಕೊಡಲಾಗದಿದ್ದರೆ ಅದರ ಇಂತಿಷ್ಟು ಭಾಗಕ್ಕೆ ಹಣ ಕೊಡುತ್ತೇವೆ ಎಂಬ ಷರತ್ತು ಬೇಕು. ಡೀಸೆಲ್ ಬೆಲೆ ಏರಿದರೆ ದರವೂ ಏರಬೇಕು. ರದ್ದತಿಯ ನೋಟಿಸು ಆರು ತಿಂಗಳಿಗೆ ಹೋಗಬೇಕು, ಅಥವಾ ಮೊದಲೇ ಮುಗಿಸಿದರೆ ಗಾಡಿಗಳ ಬಾಕಿ ಸಾಲದ ಒಂದು ಪಾಲನ್ನು ಅವರು ಹೊರಬೇಕು. ಎಲ್ಲಕ್ಕೂ ಅವರು ಒಪ್ಪುವುದಿಲ್ಲ. ಆದರೆ ಚಾಲಕರು ಸಿಗದ, ಗಾಡಿಗಳು ಸಿಗದ ಈ ಹೊತ್ತಿನಲ್ಲಿ ಅವರಿಗೂ ನೀವು ಬೇಕು, ಮತ್ತು ಇಂತಹ ಷರತ್ತುಗಳನ್ನು ಕೇಳುವ ಕಾಲ ಏರುಗಾಲವೇ.

ಗಣಿಯ ಬಗ್ಗೆಯೂ ಕೆಲವು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಡಿ. ಆ ಗಣಿಗೆ ವರ್ಷಕ್ಕೆ ಎಷ್ಟು ಟನ್ ತೆಗೆಯಲು ಅನುಮತಿಯಿದೆ? ಆ ಮಿತಿಯನ್ನು ಜನವರಿಗೇ ಮುಟ್ಟಿದರೆ ಮಾರ್ಚ್ ಮುಗಿಯುವ ತನಕ ನಿಮ್ಮ ಗಾಡಿಗಳು ನಿಲ್ಲುತ್ತವೆ. ಗಣಿಯ ಗುತ್ತಿಗೆ ಹಳೆಯದೇ, 2015ರ ಗಣಿ ಕಾಯ್ದೆ ತಿದ್ದುಪಡಿಯ ನಂತರ ಹರಾಜಿನಲ್ಲಿ ಬಂದದ್ದೇ? ಹಳೆಯದಾದರೆ ಮುಗಿಯುವ ದಿನಾಂಕ ಯಾವುದು? ಹರಾಜಿನದಾದರೆ ಎಷ್ಟು ಪ್ರೀಮಿಯಂ, ಅಂದರೆ ಅದಿರಿನ ಬೆಲೆಯಲ್ಲಿ ಸರ್ಕಾರಕ್ಕೆ ಎಷ್ಟು ಪಾಲು, ಒಪ್ಪಿ ಪಡೆದಿದ್ದಾರೆ? 2020ರಲ್ಲಿ ಒಡಿಶಾದ ಕೆಲವು ಗಣಿಗಳಿಗೆ ಅದಿರಿನ ನಿಗದಿತ ಸರಾಸರಿ ಬೆಲೆಯ ಶೇ. 100ನ್ನೂ ಮೀರಿದ ಬಿಡ್‌ಗಳು ಬಂದವು. ಶೇ. 15ರ ರಾಜಧನ, ಜಿಲ್ಲಾ ಖನಿಜ ಪ್ರತಿಷ್ಠಾನದ ಪಾಲು, ಅದರ ಮೇಲೆ ಭಾರೀ ಪ್ರೀಮಿಯಂ, ಇವನ್ನೆಲ್ಲ ಕಟ್ಟುವ ಕಂಪನಿಗೆ ತನ್ನ ಇಷ್ಟದಂತೆ ಕಡಿಮೆ ಮಾಡಿಕೊಳ್ಳಲು ಉಳಿಯುವ ಖರ್ಚು ಬಹುಮಟ್ಟಿಗೆ ಅಗೆತ ಮತ್ತು ಸಾಗಣೆಯದು. ಅಂಥವರ ಕೈಕೆಳಗಿನ ಸಾಗಣೆದಾರನ ಮೇಲೆ ಒತ್ತಡ ಯಾವಾಗಲೂ ಹೆಚ್ಚು.

ಇನ್ನೊಂದು ಪ್ರಶ್ನೆ, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು: ಆ ಮಾರ್ಗದಲ್ಲಿ ಕನ್ವೇಯರ್ ಬೆಲ್ಟ್ ಅಥವಾ ರೈಲ್ವೆ ಸೈಡಿಂಗ್ ಯೋಜನೆ ಇದೆಯೇ? ಸಂಡೂರಿನ ಗಣಿಗಳಿಂದ ತೋರಣಗಲ್ಲಿನವರೆಗೆ ಕೊಳವೆಯಾಕಾರದ ಕನ್ವೇಯರ್ ಈಗಾಗಲೇ ಬಂದಿದೆ. ಧೂಳು, ಅಪಘಾತ, ರಸ್ತೆ ಹಾಳಾಗುವಿಕೆ ಯಾವ ದೃಷ್ಟಿಯಿಂದ ನೋಡಿದರೂ ಅದು ಊರಿಗೆ ಒಳ್ಳೆಯದು, ಆದ್ದರಿಂದ ಅದು ಇನ್ನಷ್ಟು ಗಣಿಗಳಿಗೆ ಬಂದೇ ಬರುತ್ತದೆ. ಲಾರಿಯವರು ಬೆಲೆ ಕುಸಿತಕ್ಕೆ, ಕೋರ್ಟಿಗೆ ಹೆದರುತ್ತಾರೆ. ಬೆಲ್ಟಿಗೆ ಹೆದರಬೇಕಾದಷ್ಟು ಹೆದರುತ್ತಿಲ್ಲ. ಬೆಲೆ ಮತ್ತೆ ಏರೀತು, ಆದೇಶ ತೆರವಾದೀತು, ಬೆಲ್ಟ್ ಬಂದ ದಾರಿಗೆ ಲಾರಿ ಮರಳಿ ಬರುವುದಿಲ್ಲ. ನಿಮ್ಮ ವರ್ಕ್‌ಶಾಪ್ ಈ ಕಾರಣಕ್ಕೇ ಟಿಪ್ಪರ್‌ಗಳಿಗಿಂತ ಬೆಲೆಬಾಳುವ ಆಸ್ತಿ ಎಂಬುದು ನನ್ನ ಅಭಿಪ್ರಾಯ. ಕನ್ವೇಯರಿನ ರೋಲರ್, ಬೆಲ್ಟಿನ ಜೋಡಣೆ, ಹೈಡ್ರಾಲಿಕ್ ಮೆತುಗೊಳವೆ, ಕ್ರಷರಿನ ದವಡೆ ಇವುಗಳ ರಿಪೇರಿ ಕಲಿತ ನಾಲ್ಕು ಜನರನ್ನು ತಯಾರು ಮಾಡಲು ಒಂದು ಟಿಪ್ಪರಿನ ಬೆಲೆಯೂ ಬೇಕಿಲ್ಲ.

ಒಂದೇ ಗಿರಾಕಿಯನ್ನು ನಂಬದಿರಲು ಇನ್ನೊಂದು ದಾರಿಯೂ ಇದೆ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಯೋಜನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಅದನ್ನು ಜಾರಿಗೊಳಿಸಲು ರಾಜ್ಯದ ಪ್ರತ್ಯೇಕ ನಿಗಮವಿದೆ. ರಸ್ತೆ, ಕುಡಿಯುವ ನೀರು, ಕೆರೆ, ಚೆಕ್ ಡ್ಯಾಮ್ ಕೆಲಸಗಳಿಗೆ ಬೇಕಾದದ್ದು ನಿಮ್ಮಲ್ಲಿರುವಂತಹ ಗಾಡಿಗಳೇ. ಸರ್ಕಾರಿ ಬಿಲ್ಲು ತಡವಾಗಿ ಬರುತ್ತದೆ ಎಂಬುದನ್ನು ಮರೆಯದೆ, ಒಟ್ಟು ವಹಿವಾಟಿನ ಒಂದು ಭಾಗವನ್ನು ಮಾತ್ರ ಅತ್ತ ಹೊರಳಿಸಿ.

ಬಿಲ್ಲಿನ ಮಾತು ಬಂದದ್ದರಿಂದ: ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ನಿಮ್ಮ ಹೂಡಿಕೆ 25 ಕೋಟಿಯ ಒಳಗೆ, ವಹಿವಾಟು 100 ಕೋಟಿಯ ಒಳಗೆ ಇರುವವರೆಗೆ ನೀವು ಸಣ್ಣ ಉದ್ಯಮವೇ. 2006ರ ಸಣ್ಣ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆಯಂತೆ ಅಂಥವರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದಾಯ ತೆರಿಗೆಯ ಹೊಸ ನಿಯಮದಂತೆ, ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಕಂಪನಿ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ಕರಡಿನಲ್ಲಿರುವ 90 ದಿನದ ಪಾವತಿ ಷರತ್ತು ಆದ್ದರಿಂದ ನಿಲ್ಲುವಂಥದ್ದಲ್ಲ. ಜಗಳಕ್ಕೆ ಹೋಗದೆ, ಅವರ ಲೆಕ್ಕಪತ್ರ ವಿಭಾಗಕ್ಕೆ ನೋಂದಣಿ ಪ್ರಮಾಣಪತ್ರ ಕಳುಹಿಸಿ ಇದನ್ನು ನೆನಪಿಸಿದರೆ ಸಾಕಾಗುವುದೇ ಹೆಚ್ಚು.

ಅಟ್ಯಾಚ್ ಗಾಡಿಗಳ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಅಪಾಯವನ್ನು ಕಡಿಮೆ ಮಾಡಿಕೊಳ್ಳುವಾಗ ಅದನ್ನು ಒಂದೆರಡು ಗಾಡಿ ಇರುವ ಬಡ ಮಾಲೀಕನ ತಲೆಗೆ ಕಟ್ಟುವುದು ಸುಲಭ. ನಿಮಗೆ ಸಿಕ್ಕ ನೋಟಿಸಿನ ಅವಧಿಯನ್ನೇ ಅವರಿಗೂ ಕೊಡಿ, ಕಂಪನಿಯ ಹಣ ಬಂದ ವಾರದೊಳಗೆ ಅವರಿಗೂ ಸಂದಾಯ ಮಾಡಿ. 2011ರಲ್ಲಿ ಹೆಚ್ಚು ನೊಂದವರು ಇಂಥವರೇ, ಮತ್ತು ಆಗ ಮಾತಿಗೆ ನಿಂತ ಗುತ್ತಿಗೆದಾರರು ಯಾರೆಂಬುದನ್ನು ಊರು ಈಗಲೂ ಹೆಸರು ಹಿಡಿದು ಹೇಳುತ್ತದೆ.

ಕೆಲಸಗಾರರ ವಿಷಯದಲ್ಲಿ ದೊಡ್ಡ ಕಾರ್ಖಾನೆಯೊಡನೆ ಸಂಬಳದ ಪೈಪೋಟಿಗೆ ಇಳಿಯಬೇಡಿ, ಸೋಲುತ್ತೀರಿ. ಮೂಲ ಸಂಬಳವನ್ನು ಏರುಗಾಲದ ಮಟ್ಟಕ್ಕೆ ಏರಿಸಿದರೆ ಇಳಿಗಾಲದಲ್ಲಿ ಅದನ್ನು ಇಳಿಸಲಾಗುವುದಿಲ್ಲ, ಜನರನ್ನೇ ಇಳಿಸಬೇಕಾಗುತ್ತದೆ. ಲಾಭ ಬಂದ ವರ್ಷ ಬೋನಸ್ ಧಾರಾಳವಾಗಿರಲಿ. ತಿಂಗಳ ಸಂಬಳ ನಿಗದಿತ ದಿನಕ್ಕೆ ತಪ್ಪದೆ ಬರಲಿ. ಭವಿಷ್ಯ ನಿಧಿ, ಇಎಸ್‌ಐ ಕಟ್ಟುವುದರಲ್ಲಿ ಕಳ್ಳಾಟ ಬೇಡ. ಮುಖ್ಯವಾಗಿ, ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿಯನ್ನು ಕೈಬಿಡಿ. ಟ್ರಿಪ್ ಹೆಚ್ಚಾದಷ್ಟೂ ಹಣ ಎಂದಾಗ ಚಾಲಕ ವೇಗವಾಗಿ ಓಡಿಸುತ್ತಾನೆ, ಟನ್ ಹೆಚ್ಚಾದಷ್ಟೂ ಹಣ ಎಂದಾಗ ಮಿತಿಮೀರಿ ತುಂಬಿಸುತ್ತಾನೆ. ಲೋಕಾಯುಕ್ತ ವರದಿಯಲ್ಲಿ ದಾಖಲಾದ ಅಕ್ರಮಗಳಲ್ಲಿ ಮಿತಿಮೀರಿದ ಭಾರದ ಸಾಗಣೆಯೂ ಒಂದಾಗಿತ್ತು. ಅದನ್ನು ಮಾಡಿದ್ದು ಚಾಲಕರಾದರೂ ಮಾಡುವಂತೆ ಕೂಲಿಯ ಲೆಕ್ಕ ಹಾಕಿದ್ದು ಮಾಲೀಕರು.

ಊರಿನವರ ಮಾತನ್ನು ಕಿರಿಕಿರಿ ಎಂದುಕೊಳ್ಳದೆ ಮುನ್ಸೂಚನೆ ಎಂದುಕೊಳ್ಳಿ. ಪಕ್ಕದ ಕೊಪ್ಪಳದಲ್ಲಿ 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆಯ ವಿರುದ್ಧ ಗವಿಮಠದ ಸ್ವಾಮೀಜಿಯವರೂ ಸೇರಿದಂತೆ ಸಾವಿರಾರು ಜನ ಬೀದಿಗಿಳಿದಾಗ, ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿಗಳೇ ಸೂಚಿಸಬೇಕಾಯಿತು. ಅಷ್ಟು ದೊಡ್ಡ ಹೂಡಿಕೆಗೆ ಆದದ್ದು ನಿಮ್ಮ ರಸ್ತೆಗೂ ಆಗಬಹುದು. ಟಾರ್ಪಾಲಿನ್ ಕಟ್ಟದ ಗಾಡಿ ಗೇಟು ದಾಟಬಾರದು; ಶಾಲೆ ಬಿಡುವ ಹೊತ್ತಿಗೆ ಊರೊಳಗೆ ಗಾಡಿ ಓಡಬಾರದು; ನೀರಿನ ಟ್ಯಾಂಕರ್ ಬೇಸಿಗೆಯಲ್ಲಿ ದಿನಕ್ಕೆ ಇಷ್ಟು ಬಾರಿ ಬರುತ್ತದೆ ಎಂದು ಪಂಚಾಯಿತಿಗೆ ಬರೆದುಕೊಡಿ, ಬರೆದಂತೆ ನಡೆಯಿರಿ. ಎಲ್ಲರಿಗೂ ಕೆಲಸ ಕೊಡುತ್ತೇನೆಂಬ ಮಾತನ್ನು ಮಾತ್ರ ಕೊಡಬೇಡಿ.

ಉಳಿದದ್ದು ಮನೆಯೊಳಗಿನ ಮಾತು. ಗಾಡಿಗಳು ಒಂದು ವರ್ಷ ನಿಂತರೆ ಯಾವ ತಿಂಗಳು ಯಾರಿಗೆ ಎಷ್ಟು ಕೊಡಬೇಕು, ಅದು ಎಲ್ಲಿಂದ ಬರುತ್ತದೆ ಎಂಬ ಲೆಕ್ಕವನ್ನು ತಮ್ಮನ ಕೈಯಿಂದಲೇ ಬರೆಸಿ, ತಂದೆಯವರ ಮುಂದೆ ತಮ್ಮನೇ ಓದಲಿ. ತಂದೆಯವರಿಂದ ಒಪ್ಪಿಗೆ ಕೇಳಬೇಡಿ. ಎಷ್ಟು ಸಾಲದವರೆಗೆ ನಿಮಗೆ ರಾತ್ರಿ ನಿದ್ದೆ ಬರುತ್ತದೆ ಎಂದು ಕೇಳಿ. ಏಳು ಲಾರಿ ಕಳೆದುಕೊಂಡವರಿಗೆ ಆ ಅಂಕಿ ಯಾವ ಸಲಹೆಗಾರರಿಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಅದು ನನ್ನ ಎಂಟಕ್ಕಿಂತ ಕಡಿಮೆಯಾದರೆ ಅವರ ಅಂಕಿಯನ್ನೇ ಇಟ್ಟುಕೊಳ್ಳಿ. ಕಂಪನಿ ಕನಿಷ್ಠ ಟನ್ನಿನ ಷರತ್ತಿಗಾಗಲಿ ನೋಟಿಸಿನ ಅವಧಿಗಾಗಲಿ ಒಪ್ಪದಿದ್ದರೆ ಹೊಸ ಗಾಡಿ ಒಂದೂ ಬೇಡ. ಆಗ ಸಾಲ ತೀರಿದ ಒಂಬತ್ತರಲ್ಲಿ ಬಿಡುವಿದ್ದಷ್ಟನ್ನು ಅದೇ ಕರಡಿನ ದರಕ್ಕೆ ಹಚ್ಚಿ. ಕಂತಿಲ್ಲದ ಗಾಡಿಗಳಿಗೆ ಮೂವತ್ತು ದಿನದ ನೋಟಿಸಿನಿಂದ ದೊಡ್ಡ ನಷ್ಟವಿಲ್ಲ.